ಅಂತರಜಾಲ ಮತ್ತು ಅವಧಾನ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷವೂ ಭರತ ಹುಣ್ಣಿಮೆಯ ತರುವಾಯ ಕಾರ್ಣಿಕೋತ್ಸವವು ಜರುಗುತ್ತದೆ. ಅಂದು ಡೆಂಕಣ ಮರಡಿಯಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಮೊದಲಾದ ಕಡೆಗಳ ಭಕ್ತರು ಲಕ್ಷಗಟ್ಟಲೆ ನೆರೆದಿರುತ್ತಾರೆ. ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಆ ಜನಸ್ತೋಮವೆಲ್ಲವೂ ಸ್ತಬ್ಧವಾಗುತ್ತದೆ. ಬಳಿಕ ಆತನು ನುಡಿಯುವುದು ಒಂದೇ ಒಂದು ವಾಕ್ಯ. ಅದನ್ನು ಜನರು ನೆನಪಿನಲ್ಲಿಟ್ಟುಕೊಂಡು ಊರಿಗೆ ಮರಳುತ್ತಾರೆ.

ಆ ನುಡಿಯ ಅರ್ಥವೇನೆಂಬುದು ಇಲ್ಲಿ ನಮ್ಮ ವಿಷಯವಲ್ಲ. ಒಂದು ಮಾತನ್ನು ಚೆನ್ನಾಗಿ ಗ್ರಹಿಸಬೇಕಾದರೆ ಮೊದಲು ಇತರ ಸದ್ದುಗಳು ಅಡಗಬೇಕೆಂಬುದನ್ನು ಮಾತ್ರ ನಾವು ಗಮನಿಸೋಣ. ಮನಶ್ಶಾಸ್ತ್ರದಲ್ಲಿ ‘ಅವಧಾನ’ವೆಂದು ಕರೆಯುವ ಶಕ್ತಿಯ ಲಕ್ಷಣವೂ ಇದೇ. ಒಂದನ್ನು ಹಿಡಿಯಲು ಮನಸ್ಸು ಉಳಿದವನ್ನು ಕೈಬಿಡಬೇಕಾಗುತ್ತದೆಂದು ಅಮೆರಿಕದ ವಿಲಿಯಂ ಜೇಮ್ಸ್ 1890ರಷ್ಟು ಹಿಂದೆಯೇ ವಿವರಿಸಿದ್ದನು.

ನಮ್ಮ ದೇಶದ ಸಾರ್ವಜನಿಕರಿಗೆ ಅಂತರಜಾಲವು 1995ರ ಆಗಸ್ಟ್ 15ರಂದು ದೊರೆಯಿತು. 2020ರಲ್ಲಿ ಕೊರೋನಾ ರೋಗದ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠಗಳೇ ಮೊಬೈಲಿನ ಮೂಲಕ ಮನೆಗೆ ಬಂದವು. ಪಾಠವನ್ನು ತಂದ ಆ ಪೆಟ್ಟಿಗೆಯಲ್ಲಿಯೇ ಆಟ, ಹಾಡು, ಹರಟೆಗಳೂ ಇದ್ದವು. ಇದರಿಂದ ವಿದ್ಯಾರ್ಥಿಯ ಏಕಾಗ್ರತೆಗೆ ಏನಾಗುತ್ತದೆ?

ಇದನ್ನರಿಯಲು ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಬಹುದು. ಗಡಿಯಾರವನ್ನು ಎದುರಿಗಿಟ್ಟುಕೊಂಡು ‘ಅ’ದಿಂದ ‘ಐ’ವರೆಗಿನ ಹತ್ತು ಸ್ವರಗಳನ್ನೂ, ಆಮೇಲೆ 1ರಿಂದ 10ರವರೆಗಿನ ಅಂಕೆಗಳನ್ನೂ ಹೇಳಿರಿ. ಅನಂತರ ‘ಅ, ಒಂದು, ಆ, ಎರಡು’ ಎಂದು ಎರಡನ್ನೂ ಬೆರೆಸಿ ಹೇಳಿರಿ. ಹೇಳಿದ್ದು ಅದೇ ಇಪ್ಪತ್ತು; ಆದರೆ ಹಿಡಿದ ಕಾಲ ಹೆಚ್ಚು, ತಪ್ಪುಗಳೂ ಹೆಚ್ಚು. ಮನಸ್ಸು ಎರಡು ಕೆಲಸಗಳನ್ನು ಒಟ್ಟಿಗೆ ಮಾಡಲಿಲ್ಲ. ಒಂದರಿಂದ ಇನ್ನೊಂದಕ್ಕೆ ಜಿಗಿಯಿತು, ಪ್ರತಿ ಜಿಗಿತಕ್ಕೂ ಸುಂಕ ತೆತ್ತಿತು. ಕೆಲಸವು ಜಟಿಲವಾದಷ್ಟೂ ಈ ಸುಂಕ ಏರುತ್ತದೆಂದು ರೂಬಿನ್‌ಸ್ಟೈನ್, ಮೇಯರ್ ಮತ್ತು ಇವಾನ್ಸ್ ಎಂಬುವರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದವು.

ಬಿಟ್ಟುಬಂದ ಕೆಲಸದ ಯೋಚನೆಯು ಮನಸ್ಸಿಗೆ ಅಂಟಿಕೊಂಡಿರುತ್ತದೆಂದು 2009ರಲ್ಲಿ ಸೋಫಿ ಲೆರಾಯ್ ಎಂಬಾಕೆ ತಿಳಿಸಿದರು. ಬಂದ ಸಂದೇಶವನ್ನು ತೆರೆದು ನೋಡದಿದ್ದರೂ, ಮೊಬೈಲು ಸದ್ದು ಮಾಡಿದ್ದರಿಂದಲೇ ಗಮನದ ಕೆಲಸದಲ್ಲಿ ತಪ್ಪುಗಳು ಹೆಚ್ಚಿದುದು 2015ರ ಒಂದು ಪರೀಕ್ಷೆಯಲ್ಲಿ ಕಂಡುಬಂದಿತು. ಲೆಕ್ಕ ಬಿಡಿಸುತ್ತಿರುವ ಹುಡುಗಿಯ ಪಕ್ಕದಲ್ಲಿ ಮೊಬೈಲು ಒಮ್ಮೆ ಗುಂಯ್‌ಗುಟ್ಟಿದರೆ, ಆಕೆ ಅದನ್ನು ಮುಟ್ಟದಿದ್ದರೂ ಲೆಕ್ಕದ ಎಳೆ ಸಡಿಲವಾಗಬಹುದು.

ಹಾಗಾದರೆ ನಾವು ಅದನ್ನು ಮತ್ತೆ ಮತ್ತೆ ಏಕೆ ನೋಡುತ್ತೇವೆ? ಸ್ಕಿನ್ನರ್ ಎಂಬ ವಿಜ್ಞಾನಿಯ ಪಾರಿವಾಳಗಳು ಇದಕ್ಕೆ ಉತ್ತರ ಹೇಳುತ್ತವೆ. ಎಷ್ಟು ಬಾರಿ ಕುಟುಕಿದರೆ ಕಾಳು ಸಿಕ್ಕೀತೆಂಬುದು ಅನಿಶ್ಚಿತವಾದಾಗ ಅವು ಬಿಡದೆ ಕುಟುಕುತ್ತಿದ್ದವು. ಮುಂದಿನ ಬೆರಳಾಟಕ್ಕೆ ಸ್ವಾರಸ್ಯವಾದುದು ಸಿಕ್ಕೀತೋ ಇಲ್ಲವೋ ಎಂಬ ಅನಿಶ್ಚಯವೇ ನಮ್ಮನ್ನೂ ಹಿಡಿದಿಡುತ್ತದೆ.

ಅಂತರಜಾಲವು ಮೆದುಳನ್ನು ಶಾಶ್ವತವಾಗಿ ಕೆಡಿಸುತ್ತದೆಂದು ಈ ಪ್ರಯೋಗಗಳು ಹೇಳುವುದಿಲ್ಲ. ಪುಸ್ತಕದಂಗಡಿಯೂ ಗ್ರಂಥಾಲಯವೂ ದೂರವಿರುವ ಹಳ್ಳಿಯ ಮಗುವಿಗೆ ಅದು ಜ್ಞಾನದ ಬಾಗಿಲೂ ಹೌದು. ಕಳೆದುಹೋಗುವುದು ಅವಧಾನದ ಶಕ್ತಿಯಲ್ಲ, ಅದಕ್ಕೆ ಬೇಕಾದ ಎಡೆಬಿಡದ ಕಾಲ. ಆ ಕಾಲವನ್ನು ಮಗುವೊಂದೇ ಕಾಪಾಡಿಕೊಳ್ಳಲಾರದು, ಮನೆಯವರೂ ಕೈಜೋಡಿಸಬೇಕು. ಪಾಠವನ್ನು ನೋಡಿ ಮುಗಿಸಿದ ಮೇಲೆ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಅರ್ಧ ಗಂಟೆ ಓದಲು ಬಿಡುವುದು ಯಾರಿಂದಲೂ ಆಗುವ ಕೆಲಸ. ಮೈಲಾರದಲ್ಲಿಯೂ ಮೌನವು ತಾನಾಗಿಯೇ ಬರುವುದಿಲ್ಲ. ಒಬ್ಬನು ಕೂಗಬೇಕು, ಉಳಿದವರು ಒಪ್ಪಬೇಕು.