ನೆಲಕ್ಕಿಳಿಯುವ ಮರಕುಟಿಗ

ಮರಕುಟಿಗನಿಗೆ ಮರವೇ ಸರ್ವಸ್ವವೆಂದು ನಾವು ಭಾವಿಸುವುದುಂಟು. ಜಪಾನಿಗೆ ಸೇರಿದ ಓಕಿನಾವ ದ್ವೀಪದ ಉತ್ತರಭಾಗದಲ್ಲಿ ಯಾನ್‌ಬಾರು ಎಂಬ ಗುಡ್ಡಗಾಡು ಪ್ರದೇಶವಿದೆ. ಅಲ್ಲಿಯ ಅತ್ಯುನ್ನತ ಶಿಖರದ ಎತ್ತರ 503 ಮೀಟರು ಮಾತ್ರ. ಪ್ರಪಂಚದಲ್ಲಿ ಬೇರೆಲ್ಲಿಯೂ ಕಾಣದ ನೊಗುಚಿಗೆರ ಎಂಬ ಮರಕುಟಿಗ ಈ ಕಾಡುಗಳಲ್ಲಿ ವಾಸಿಸುತ್ತದೆ.

ಈ ಹಕ್ಕಿಗಳು ಕಾಡನ್ನು ಹಂಚಿಕೊಂಡಿರುವ ರೀತಿ ಕುತೂಹಲಕರವಾದುದು. ಹೆಣ್ಣು ಹೆಚ್ಚಾಗಿ ಕಾಂಡಕೊಂಬೆಗಳನ್ನು ಕುಟ್ಟಿ ದುಂಬಿಗಳ ಮರಿಹುಳುಗಳನ್ನು ಹಿಡಿಯುತ್ತದೆ. ಗಂಡಾದರೋ ಆಗಾಗ್ಗೆ ನೆಲಕ್ಕಿಳಿದು, ಮಣ್ಣನ್ನು ಕೆದಕಿ, ಜೀರುಂಡೆಯ ಮರಿಗಳನ್ನೂ ಜೇಡಗಳನ್ನೂ ಹೆಕ್ಕುತ್ತದೆ. ಇದರಿಂದ ಒಂದೇ ಆಹಾರಕ್ಕಾಗಿ ಗಂಡುಹೆಣ್ಣುಗಳ ಪೈಪೋಟಿ ತಗ್ಗುವುದೆಂದು ನಾವು ಊಹಿಸಬಹುದು.

ಗೂಡಿಗೆ ಮಾತ್ರ ಹಳೆಯ, ದಪ್ಪನೆಯ ಮರವೇ ಬೇಕು. ಶಿಲೀಂಧ್ರಗಳಿಂದ ತಿರುಳು ಮೆತ್ತಗಾಗಿದ್ದರೆ ಪೊಟರೆ ಕೊರೆಯಲು ಕಡಮೆ ಶ್ರಮ ಸಾಕು. ಎಳೆಯ ಮರದಲ್ಲಿ ಪೊಟರೆಗೆ ತಕ್ಕ ಅಗಲವೇ ಇರದು. ಆದುದರಿಂದ ಮುದಿಮರಗಳನ್ನು ಕಡಿದು ಸಸಿ ನೆಟ್ಟರೆ, ಕಾಡು ಹಸಿರಾಗಿ ಕಂಡರೂ ಹಕ್ಕಿಗೆ ಮನೆಯಿಲ್ಲ.

ನೆಲಕ್ಕಿಳಿಯುವ ಗಂಡಿಗೆ ಇನ್ನೊಂದು ಅಪಾಯವುಂಟು. ಹಾವು ಇಲಿಗಳನ್ನು ನಿಗ್ರಹಿಸಲೆಂದು 1910ರಲ್ಲಿ ಗಂಗಾನದಿಯ ಮುಖಜಪ್ರದೇಶದಿಂದ ತಂದುಬಿಟ್ಟ ಮುಂಗುಸಿಗಳು ಕ್ರಮೇಣ ಉತ್ತರದ ಕಾಡನ್ನೂ ಹೊಕ್ಕವು.

ಯಾನ್‌ಬಾರು 2016ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2021ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಈ ಹಕ್ಕಿ ಉಳಿಯಬೇಕಾದರೆ ಮುದಿಮರವೂ ಉಳಿಯಬೇಕು. ಅದರ ಬುಡದ ನೆಲವೂ ನಿರ್ಭಯವಾಗಿರಬೇಕು.