ಜೋಳದ ಹೊಲಕ್ಕೆ ಗುಲಾಬಿ ಅತಿಥಿ

ಹಿಂಗಾರಿ ಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಬಳ್ಳಾರಿ ಸೀಮೆಯ ಹೊಲಗಳ ಮೇಲೆ ಹಕ್ಕಿಗಳ ದೊಡ್ಡ ಹಿಂಡುಗಳು ಮೋಡದಂತೆ ಬಂದಿಳಿಯುತ್ತವೆ. ರೈತನ ಕೈ ಕವಣೆಯತ್ತ ಹೋಗುತ್ತದೆ. ಈ ‘ಕಳ್ಳ’ನೇ ಗುಲಾಬಿ ಮೈನಾ, ಅರ್ಥಾತ್ ಗುಲಾಬಿ ಕಬ್ಬಕ್ಕಿ. ವೈಜ್ಞಾನಿಕ ಹೆಸರು ಪಾಸ್ಟರ್ ರೋಸಿಯಸ್.

ಗಾತ್ರದಲ್ಲಿ ಇದು ಗೊರವಂಕದಷ್ಟೇ. ತಲೆ, ಕತ್ತು, ರೆಕ್ಕೆ, ಬಾಲ ಹೊಳೆಯುವ ಕಪ್ಪು. ಬೆನ್ನು, ಹೊಟ್ಟೆ ಗುಲಾಬಿ. ಬಂದ ಹೊಸತರಲ್ಲಿ ಬಣ್ಣ ಮಾಸಿದಂತಿರುತ್ತದೆ. ಗರಿಗಳ ತುದಿ ಸವೆದಂತೆ ಒಳಗಿನ ಬಣ್ಣ ಹೊರಬಿದ್ದು, ಮಾರ್ಚ್–ಏಪ್ರಿಲ್ ವೇಳೆಗೆ ಹಕ್ಕಿ ಕಳೆಗಟ್ಟುತ್ತದೆ. ಮರಿಗಳದು ಮಣ್ಣುಬಣ್ಣ, ಹಳದಿ ಕೊಕ್ಕು.

ಇವುಗಳ ತವರು ಪೂರ್ವ ಯುರೋಪಿನಿಂದ ಮಧ್ಯ ಏಷ್ಯಾದವರೆಗಿನ ಹುಲ್ಲುಗಾವಲು. ಮೇ–ಜೂನ್‌ನಲ್ಲಿ ಅಲ್ಲಿ ಕಲ್ಲುಸಂದಿಗಳಲ್ಲಿ ಸಾವಿರಾರು ಜೋಡಿಗಳು ಒಟ್ಟಿಗೆ ಗೂಡು ಕಟ್ಟುತ್ತವೆ. ಮರಿಗಳಿಗೆ ಮುಖ್ಯ ಆಹಾರ ಮಿಡತೆ. ಚೀನದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ 1980ರ ದಶಕದಿಂದ ಈ ಹಕ್ಕಿಗಳಿಗೆಂದೇ ಕಲ್ಲುಗುಡ್ಡೆಗಳನ್ನು ಒಟ್ಟಿ, ಅವುಗಳಿಂದ ಮಿಡತೆಯ ಹಾವಳಿ ತಗ್ಗಿಸಿಕೊಂಡಿದ್ದಾರೆ. ಅಲ್ಲಿ ಕರೆದು ಮನೆ ಕಟ್ಟಿಕೊಟ್ಟರೆ, ಇಲ್ಲಿ ಕವಣೆಕಲ್ಲು!

ಇಲ್ಲಿಯೂ ಅದು ಬರೀ ಕಾಳು ತಿಂದು ಹೋಗುವುದಿಲ್ಲ. ಹೊಲದ ಮಿಡತೆಗಳನ್ನು ಹೆಕ್ಕುತ್ತದೆ. ಮುತ್ತುಗ, ಬೂರುಗದ ಹೂಗಳ ಮಕರಂದಕ್ಕೆ ಮುಗಿಬಿದ್ದಾಗ ಹಣೆಗೆ ಮೆತ್ತಿದ ಪರಾಗವನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ತೆನೆ ಹಾಲುಗಾಳಾಗಿರುವ ಕೆಲವು ವಾರ ಕಾವಲು ಬೇಕೇ ಬೇಕು. ಆದರೆ ತಮಟೆಯ ಸದ್ದಿಗೇ ಹಿಂಡು ಏಳುತ್ತದೆ, ಕೊಲ್ಲಬೇಕಿಲ್ಲ.

ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಫೆಬ್ರುವರಿ–ಮಾರ್ಚ್‌ನಲ್ಲಿ ಸಂಡೂರಿನ ಗುಡ್ಡಗಳಲ್ಲಿ ಮುತ್ತುಗ ಹೂಬಿಟ್ಟಾಗ ಬೆಳಗಿನ ಹೊತ್ತು ಮರದ ಕೆಳಗೆ ಸುಮ್ಮನೆ ನಿಂತರೆ ಸಾಕು. ಗಲಾಟೆಯೇ ಗುರುತು ಹೇಳುತ್ತದೆ. ಸಂಜೆಯಾದರೆ ಕೆರೆಯಂಗಳದ ಜೊಂಡು, ಜಾಲಿಗಳತ್ತ ಕಣ್ಣಿಡಿ. ಹೊಸಪೇಟೆಯಿಂದ ಹಂಪಿಗೆ ಹೋಗುವಾಗ ಸಿಗುವ ಕಮಲಾಪುರದ ಕೆರೆ, ದರೋಜಿ ಕೆರೆ, ಕಂಪ್ಲಿಯ ಕಾಲುವೆ ಬದಿಯ ಗದ್ದೆಗಳು ಇದಕ್ಕೆ ಅನುಕೂಲ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಹೋಗಿ, ಬಿಸಿಲು ಬೆನ್ನಿಗಿರುವಂತೆ ನಿಲ್ಲಿ. ಹಿಂಡು ಒಗ್ಗೂಡಿ, ತಿರುಗಿ, ಹಿಗ್ಗಿ, ಕುಗ್ಗಿ ಕೊನೆಗೆ ಮಳೆ ಸುರಿದಂತೆ ಜೊಂಡಿಗಿಳಿಯುವ ನೋಟಕ್ಕೆ ದುರ್ಬೀನೂ ಬೇಡ.

ಏಪ್ರಿಲ್ ಕಳೆಯುವಷ್ಟರಲ್ಲಿ ಅತಿಥಿಗಳು ಹೊರಟುಬಿಡುತ್ತವೆ. ಮುಂದಿನ ವರ್ಷವೂ ಬರಬೇಕಾದರೆ ಬದುವಿನ ಮುತ್ತುಗ ಉಳಿಯಬೇಕು, ಕೆರೆಯ ಜೊಂಡಿಗೆ ಬೆಂಕಿ ಬೀಳಬಾರದು.