ನದಿಯಿಂದ ಹೆದ್ದಾರಿಗೆ: ಬಂಟ್ವಾಳ ಪೇಟೆಯ ಸ್ಥಾನಪಲ್ಲಟ

ವ್ಯಾಪಾರವು ಸಾಗಾಟದ ದಾರಿಯನ್ನು ಅನುಸರಿಸುತ್ತದೆ ಎಂಬುದಕ್ಕೆ ಬಂಟ್ವಾಳವು ಉತ್ತಮ ನಿದರ್ಶನ. ಇಲ್ಲಿ ಒಂದೇ ಪುರಸಭೆಯ ವ್ಯಾಪ್ತಿಯಲ್ಲಿ ಎರಡು ಪೇಟೆಗಳಿವೆ. ಒಂದು ನೇತ್ರಾವತಿಯ ದಡದ ಹಳೆಯ ಬಂಟ್ವಾಳ ಪೇಟೆ. ಇನ್ನೊಂದು ಹೆದ್ದಾರಿಯ ಬಿ.ಸಿ. ರೋಡ್, ಅಂದರೆ ಬಂಟ್ವಾಳ ಕ್ರಾಸ್ ರೋಡ್. ಅದಕ್ಕೆ ಜೋಡುಮಾರ್ಗ ಎಂಬ ಹೆಸರೂ ಉಂಟು.

ದೋಣಿಯ ಕಾಲ

ಘಟ್ಟದ ಮೇಲಿನ ಕಾಫಿ ಮೊದಲಾದ ಸರಕು ಬಂಟ್ವಾಳಕ್ಕೆ ಇಳಿದು, ಇಲ್ಲಿಂದ ದೋಣಿಗಳಲ್ಲಿ ಮಂಗಳೂರು ಬಂದರಿಗೆ ಸಾಗುತ್ತಿದ್ದ ಕಾಲದಲ್ಲಿ ನದಿಯ ಸಾಮೀಪ್ಯವೇ ಪೇಟೆಯ ಬಂಡವಾಳವಾಗಿತ್ತು. ತಿರುಮಲ ವೆಂಕಟರಮಣ ದೇವಸ್ಥಾನವಿರುವ ಇಕ್ಕಟ್ಟಾದ ಬೀದಿ ಬೆಳೆದುದು ಆ ಬಲದಿಂದ. ಆದರೆ ಅನ್ನ ಕೊಟ್ಟ ನದಿಯೇ 1923 ಮತ್ತು 1974ರಲ್ಲಿ ದೊಡ್ಡ ‘ಬೊಳ್ಳ’ವಾಗಿ ಪೇಟೆಗೆ ನುಗ್ಗಿತು. 2019ರ ಆಗಸ್ಟ್‌ನಲ್ಲಿಯೂ ತಗ್ಗು ಪ್ರದೇಶಗಳು ಜಲಾವೃತವಾದವು.

ಪಂಜೆ ಮಂಗೇಶರಾಯರು 1874ರಲ್ಲಿ ಜನಿಸಿದ ಈ ಊರಿನಲ್ಲಿ ವಿದ್ಯೆಗೂ ಪೇಟೆಗೂ ನಂಟು ಹಳೆಯದು. 1968ರಲ್ಲಿ ಆರಂಭವಾದ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು ವಿದ್ಯಾಗಿರಿಯಲ್ಲಿದೆ. ಶಾಲೆ, ಕಾಲೇಜು, ದೇವಸ್ಥಾನಗಳ ನಿತ್ಯದ ಜನಸಂಚಾರ ಹಳೆಯ ಪೇಟೆಗೆ ಆಧಾರವಾಗಿದೆ.

ರಸ್ತೆಯ ಕಾಲ

ಪಾಣೆಮಂಗಳೂರಿನ ಉಕ್ಕಿನ ಸೇತುವೆ, ಬಳಿಕ ಬಸ್ಸು, ಲಾರಿಗಳು ದೋಣಿಯ ಕಸುಬನ್ನು ಕಸಿದುಕೊಂಡವು. 1979ರಲ್ಲಿ ಪೂರ್ಣಗೊಂಡ ಮಂಗಳೂರು–ಹಾಸನ ರೈಲುಮಾರ್ಗದ ಬಂಟ್ವಾಳ ನಿಲ್ದಾಣವೂ ಬಿ.ಸಿ. ರೋಡಿನಲ್ಲಿದೆ. ಮಿನಿ ವಿಧಾನಸೌಧ ಅಲ್ಲಿಯೇ ತಲೆಯೆತ್ತಿತು. ಕಚೇರಿ ಕೆಲಸಕ್ಕೆ ಬಂದ ಗಿರಾಕಿ ಬಟ್ಟೆ, ದಿನಸಿ, ಔಷಧಿಯನ್ನೂ ಅಲ್ಲಿಯೇ ಕೊಳ್ಳತೊಡಗಿದನು. ಬೆಳ್ತಂಗಡಿಯತ್ತ ಸಾಗುವ ವಾಹನಗಳಿಗೆ ಬೈಪಾಸ್ ದೊರೆತುದರಿಂದ ಹಳೆಯ ಬೀದಿಯು ಬದಿಗೆ ಸರಿಯಿತು.

ಆದರೆ ಹೆದ್ದಾರಿಯೂ ಶಾಶ್ವತ ಆಸ್ತಿಯಲ್ಲ. ಬಿ.ಸಿ. ರೋಡಿನಲ್ಲಿ ಮೇಲ್ಸೇತುವೆಯಾದ ಬಳಿಕ ದೂರದ ವಾಹನಗಳು ಅಂಗಡಿಗಳ ತಲೆಯ ಮೇಲೆಯೇ ಹಾದುಹೋಗುತ್ತವೆ. ಬೈಪಾಸಿನಿಂದ ಹಳೆಯ ಪೇಟೆ ಕಂಡುದನ್ನೇ ಹೊಸ ಪೇಟೆಯೂ ಇನ್ನೊಂದು ಬಗೆಯಲ್ಲಿ ಕಾಣುತ್ತಿದೆ.

ವರ್ತಕರು ಗಮನಿಸಬೇಕಾದುದು

ಸ್ವಂತ ಕಟ್ಟಡವಿದ್ದು, ಕಾಯಂ ಗಿರಾಕಿಗಳಿರುವ ಸಗಟು ವ್ಯಾಪಾರಿಗೆ ಹಳೆಯ ಪೇಟೆಯೇ ಲಾಭಕರವಾಗಬಹುದು. ದಾರಿಹೋಕರನ್ನೇ ನಂಬಿದ ಚಿಲ್ಲರೆ ವ್ಯಾಪಾರಿಗೆ ಸ್ಥಳಾಂತರ ಅನಿವಾರ್ಯವಾದೀತು. ಬಾಡಿಗೆ ಮಾತ್ರ ನಿಶ್ಚಿತ ಖರ್ಚು. ಹೆಚ್ಚುವ ವಹಿವಾಟು ನಿರೀಕ್ಷೆಯಷ್ಟೇ.

ಕರ್ನಾಟಕ ಬಾಡಿಗೆ ಅಧಿನಿಯಮ, 1999ರ ರಕ್ಷಣೆಯು 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಮಳಿಗೆಗಳಿಗೆ ಅನ್ವಯಿಸುವುದಿಲ್ಲ. ಅಂಥ ಮಳಿಗೆಯ ಬಾಡಿಗೆದಾರನಿಗೆ ಕರಾರುಪತ್ರವೇ ಮುಖ್ಯ ಆಸರೆ. ಒಂದು ವರ್ಷಕ್ಕೆ ಮೀರಿದ ಗೇಣಿ ಕರಾರನ್ನು ನೋಂದಾಯಿಸುವುದು ಕಡ್ಡಾಯ. ವ್ಯವಹಾರದ ಮುಖ್ಯ ಸ್ಥಳ ಬದಲಾದರೆ 15 ದಿನಗಳೊಳಗೆ ಜಿಎಸ್‌ಟಿ ನೋಂದಣಿಯಲ್ಲಿ ತಿದ್ದುಪಡಿಗೆ ಅರ್ಜಿ ಸಲ್ಲಿಸಬೇಕು. ನದಿಯ ಬದಿಯಲ್ಲಿ ಉಳಿಯುವವರು ದಾಸ್ತಾನಿನ ವಿಮೆಯಲ್ಲಿ ನೆರೆಯ ಹಾನಿ ಸೇರಿದೆಯೇ, ವಿಮಾ ಮೊತ್ತವು ಮಳೆಗಾಲದ ದಾಸ್ತಾನಿಗೆ ಸಾಲುವುದೇ ಎಂದು ಪರಿಶೀಲಿಸುವುದು ಒಳಿತು. ಮೊತ್ತ ಕಡಿಮೆಯಿದ್ದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಕಡಿತಗೊಳ್ಳಬಹುದು.

ಬೆಳ್ತಂಗಡಿ, ಮೂಡುಬಿದಿರೆಗಳ ಮೂಲಕವೂ ರಾಷ್ಟ್ರೀಯ ಹೆದ್ದಾರಿಗಳು ಹಾದುಹೋಗುತ್ತವೆ. ಅಲ್ಲಿನ ವರ್ತಕ ಬಾಂಧವರು ರಸ್ತೆಯ ನಕ್ಷೆಯನ್ನು ಕಾಮಗಾರಿಗೆ ಮುನ್ನವೇ ನೋಡಿಕೊಂಡು, ಮುಂದಿನ ಹತ್ತು ವರ್ಷಗಳ ಲೆಕ್ಕ ಹಾಕುವುದು ಲೇಸು.